ಮರು: ಫಲಕದಲ್ಲಿ ‘ಮಂಡೆಬಿಸಿ’ ಬರೆಯಬಹುದೇ? (ನಾಳೆ ಬೆಳಿಗ್ಗೆ ಪ್ರಿಂಟಿಗೆ)

> ಕಾಲೇಜಿನ ಕೌನ್ಸೆಲಿಂಗ್ ಕೋಣೆಯ ಹೊರಗೆ ಹಾಕುವ ಫಲಕ. ಇಂಗ್ಲಿಷಿನಲ್ಲಿ ‘ಸ್ಟ್ರೆಸ್’ ಅಂತ ಉಂಟು. ಕನ್ನಡದಲ್ಲಿ ‘ಮಂಡೆಬಿಸಿ’ ಅಂತ ಹಾಕಿದ್ರೆ ಆಗ್ತದಾ? ಮಕ್ಕಳು ಹೆಚ್ಚಿನವರು ಉಡುಪಿ, ಕಾಪು, ಕುಂದಾಪುರದವರು.

> > ಸಲ್ಲದು. ಮಂಡೆ ಎಂಬುದು ಸಂಸ್ಕೃತ ‘ಮುಂಡ’ದ ಅಪಭ್ರಂಶ, ಮೇಲಾಗಿ ತುಳು ಬೆರಕೆ. ‘ಮಾನಸಿಕ ಒತ್ತಡ’ ಎಂದು ಬರೆಯಿರಿ.

ಅಕ್ಕಾ, ಧೈರ್ಯವಾಗಿ ಹಾಕಿ. ‘ಮಾನಸಿಕ ಒತ್ತಡ’ ಸುತ್ತೋಲೆಯ ಮಾತು. ಪರೀಕ್ಷೆಯ ಹಿಂದಿನ ರಾತ್ರಿ ಯಾವ ಹುಡುಗನೂ ಗೆಳೆಯನ ಹತ್ತಿರ "ನನಗೆ ಮಾನಸಿಕ ಒತ್ತಡ ಉಂಟು" ಎನ್ನುವುದಿಲ್ಲ, "ಮಂಡೆಬಿಸಿ ಆಗ್ತಾ ಉಂಟು ಮಾರಾಯ" ಎನ್ನುತ್ತಾನೆ. ಅವನು ಅಂದ ಮಾತೇ ಬಾಗಿಲ ಮೇಲೆ ಕಂಡರೆ ಒಳಗೆ ಬಂದಾನು. ಬರಿಯ ‘ಒತ್ತಡ’ ಅಂತೂ ಬೇಡವೇ ಬೇಡ. ಆರೋಗ್ಯದ ಫಲಕದಲ್ಲಿ ಆ ಪದ ಕಂಡರೆ ನಮ್ಮವರಿಗೆ ನೆನಪಾಗುವುದು ರಕ್ತದೊತ್ತಡ, ಬಿ.ಪಿ. ನೋಡುವ ಕ್ಯಾಂಪು ಅಂದುಕೊಂಡಾರು.

ಆದರೆ ಮಂಡೆಯ ಬಳಗದಲ್ಲಿ ಎಲ್ಲವೂ ಫಲಕಕ್ಕೆ ಹೋಗುವಂಥದ್ದಲ್ಲ. ‘ಮಂಡೆಬಿಸಿ’ಯಲ್ಲಿ ಬೈಗುಳದ ಸೋಂಕಿಲ್ಲ. "ಮಂಡೆಬಿಸಿ ಮಾಡ್ಬೇಡಿ" ಅಂದರೆ ಸಮಾಧಾನ, "ಅದೊಂದು ಮಂಡೆಬಿಸಿ" ಅಂದರೆ ತಾಪತ್ರಯ. ಅದೇ ‘ಮಂಡೆಪೆಟ್ಟು’ ಅಂದಿರೋ, ಅದು ಮನುಷ್ಯನನ್ನೇ ಹುಚ್ಚ ಎಂದು ತೆಗೆದುಹಾಕುವ ಮಾತು. "ಮಂಡೆ ಸಮ ಉಂಟಾ ನಿಂಗೆ?" ಎಂಬುದನ್ನು ಗೆಳೆಯರು ನಗುತ್ತ ಹೇಳಿಕೊಳ್ಳಬಹುದು, ಕೌನ್ಸೆಲಿಂಗ್ ಕೋಣೆಯ ಹತ್ತಿರ ಅದರ ನೆರಳೂ ಬೀಳಬಾರದು. ‘ಮಂಡೆ ತಿನ್ನು’ ಪೀಡಿಸುವುದಕ್ಕೆ, ‘ಮಂಡೆಗೆ ಹೋಗು’ ಅರ್ಥವಾಗುವುದಕ್ಕೆ, ‘ಮಂಡೆ ಓಡು’ ಚುರುಕುತನಕ್ಕೆ. ಇವು ನಿಮ್ಮ ಕೆಲಸಕ್ಕೆ ಬೇಡ. ‘ಮಂಡೆ ಬಾಚು’ ಎನ್ನುವಾಗ ಅದೇ ಮಂಡೆ ಕೂದಲಾಗಿಬಿಡುತ್ತದೆ. ಇಷ್ಟು ಕಡೆ ಕೈಚಾಚಿದ ಪದವನ್ನು ಅಪಭ್ರಂಶ, ಬೆರಕೆ ಎಂದು ಒಂದೇ ಸಾಲಿನಲ್ಲಿ ತಳ್ಳುವುದು ಹೇಗೆ?

ಮಾಷ್ಟ್ರೇ, ಈಗ ನಿಮ್ಮ ‘ಮುಂಡ’ಕ್ಕೆ ಬರುತ್ತೇನೆ. ತಮಿಳಿನಲ್ಲಿ ‘ಮಂಡೈ’, ತುಳುವಿನಲ್ಲಿ ‘ಮಂಡೆ’, ಕನ್ನಡದಲ್ಲಿ ‘ಮಂಡೆ’. ಅಕ್ಕತಂಗಿಯರು ಮೂವರ ಮನೆಯಲ್ಲೂ ಇರುವ ಪದ ಸಂಸ್ಕೃತದಿಂದ ಕೆಟ್ಟು ಬಂದದ್ದೇ ಎಂದು ಸಾಧಿಸಲು ಉಚ್ಚಾರದ ಹೋಲಿಕೆ ಸಾಲದು. 1894ರಲ್ಲಿ ನಮ್ಮದೇ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟನ್ನು ತೆರೆಯಿರಿ, ಮಂಡೆ ಅಲ್ಲಿ ಇದೆ. ವಚನಕಾರರು ಬಳಸಿದ್ದಾರೆ. ಇನ್ನು ಮುಂಡದ ಕಥೆಯೇ ಬೇರೆ. ಸಂಸ್ಕೃತದಲ್ಲಿ ಮುಂಡ ಎಂದರೆ ಬೋಳು ತಲೆ, ರುಂಡ ಎಂದರೆ ತಲೆಯಿಲ್ಲದ ಒಡಲು. ಕನ್ನಡ ಅವೆರಡನ್ನೂ ತೆಗೆದುಕೊಂಡು ಅದಲು ಬದಲು ಮಾಡಿತು. ನಮಗೆ ರುಂಡವೇ ತಲೆ, ಮುಂಡ ಕೆಳಗಿನದ್ದು. ನಾವು ರುಂಡಮಾಲೆ ಎನ್ನುವುದು ಸಂಸ್ಕೃತದ ಮುಂಡಮಾಲೆ. ಹೀಗಿರುವಾಗ ಕನ್ನಡದ ಬಾಯಲ್ಲಿ ತಲೆಯನ್ನೇ ಕಳಕೊಂಡ ಮುಂಡದಿಂದ ಮಂಡೆಯನ್ನು ಹುಟ್ಟಿಸುವುದಕ್ಕೆ ನಾನು ಒಪ್ಪುವುದಿಲ್ಲ.

‘ತುಳು ಬೆರಕೆ’ ಎಂದಿರಿ. ತುಳುವಿನಲ್ಲಿ ‘ಮಂಡೆಬೆಚ್ಚ’, ನಿಜ. ‘ತರೆಬೆಚ್ಚ’ವೂ ಉಂಟು. ತುಳುವಿನ ‘ಬೆಚ್ಚ’ ಅಂದರೆ ಬಿಸಿ, ಬೆಚ್ಚ ನೀರ್ ಅಂದರೆ ಬಿಸಿನೀರು. ಕನ್ನಡದಲ್ಲಿ ‘ಬೆಚ್ಚಗೆ’ ಅಂದರೆ ಹಿತ, ಕಂಬಳಿಯೊಳಗಿನ ಹಿತ. ಎರಡೂ ಭಾಷೆಯನ್ನು ಬೆಳಗಿನಿಂದ ರಾತ್ರಿಯವರೆಗೆ ಆಡುವ ನಮ್ಮ ಜನ ಕನ್ನಡ ಆಡುವಾಗ ‘ಮಂಡೆಬೆಚ್ಚಗೆ’ ಎನ್ನಲಿಲ್ಲ, ‘ಬಿಸಿ’ಯನ್ನೇ ಆರಿಸಿಕೊಂಡರು. ಹವ್ಯಕರು ‘ಮಂಡೆಬೆಶಿ’ ಎಂದರು. ಘಟ್ಟದ ಮೇಲೆ ‘ತಲೆಬಿಸಿ’ ಇದ್ದೇ ಇದೆ. ಶಬ್ದವನ್ನು ಎತ್ತಿ ತಂದದ್ದಲ್ಲ, ಅರ್ಥವನ್ನು ತೂಗಿ ನೋಡಿ ಕನ್ನಡದ್ದೇ ಪದ ಇಟ್ಟದ್ದು. ಇದಕ್ಕಿಂತ ಒಳ್ಳೆಯ ಕನ್ನಡ ಯಾವುದು?

ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ. ಅರ್ಜಿ, ರಜೆ, ವಕೀಲ, ಇವು ಅರಬಿಯಿಂದ ಬಂದವು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅವನ್ನು ನೀವೂ ಬರೆಯುತ್ತೀರಿ, ನಾನೂ ಬರೆಯುತ್ತೇನೆ, ಯಾರೂ ಬೆರಕೆ ಎನ್ನುವುದಿಲ್ಲ. ಪಕ್ಕದ ಮನೆಯ ತುಳುವಿನಿಂದ ‘ಬೊಂಡ’ ಬಂದರೆ ಮಾತ್ರ ಎಳನೀರು ಎಂದು ತಿದ್ದಬೇಕು! ಇದು ಶುದ್ಧಿಯ ಪ್ರಶ್ನೆಯಲ್ಲ, ಯಾರ ಮಾತಿಗೆ ಮರ್ಯಾದೆ ಎಂಬ ಪ್ರಶ್ನೆ. ಕರಾವಳಿಯ ಕನ್ನಡವನ್ನು ನಾಟಕದ ಹಾಸ್ಯಪಾತ್ರದ ಬಾಯಿಗೆ ಕೊಟ್ಟು ಫಲಕಕ್ಕೆ ಬೇರೆ ಊರಿನದ್ದನ್ನು ತರುವುದು ನನಗೆ ಸಹಿಸುವುದಿಲ್ಲ.

ಅಕ್ಕಾ, ಕುಂದಾಪುರದ ಮಕ್ಕಳ ವಿಷಯ. ಅವರು ಮನೆಯನ್ನು ‘ಮನಿ’ ಎಂದ ಹಾಗೆ ಮಂಡೆಯನ್ನು ‘ಮಂಡಿ’ ಎನ್ನುತ್ತಾರೆ. ಬರಹದಲ್ಲಿ ಮಾತ್ರ ‘ಮಂಡೆ’ ಎಂದೇ ಇರಲಿ, ಅವರಿಗೆ ತಿಳಿಯುತ್ತದೆ. ‘ಮಂಡಿ’ ಎಂದು ಹಾಕಿದರೆ ಶಿವಮೊಗ್ಗ, ಹಾಸನದಿಂದ ಬಂದು ಹಾಸ್ಟೆಲಿನಲ್ಲಿರುವವರು ಮೊಣಕಾಲು ಎಂದು ಓದುತ್ತಾರೆ.

ನನ್ನ ಸಲಹೆ ಇದು:

ಮಂಡೆಬಿಸಿಯಾ?
ಒಳಗೆ ಬನ್ನಿ, ಮಾತಾಡುವ.

‘ಮಂಡೆಬಿಸಿ’ ಒಂದೇ ಪದ, ನಡುವೆ ಜಾಗ ಬಿಡಬೇಡಿ. ಪ್ರಿಂಟಿನವರು ‘ಮಾತಾಡುವ’ ಅರ್ಧಕ್ಕೆ ನಿಂತ ವಾಕ್ಯ ಎಂದುಕೊಂಡು ‘ಮಾತಾಡೋಣ’ ಎಂದು ತಿದ್ದಿಯಾರು, ಪ್ರೂಫ್ ತರಿಸಿ ನೋಡಿ. ನಮ್ಮಲ್ಲಿ ‘ಹೋಗುವ’, ‘ತಿನ್ನುವ’, ‘ಮಾತಾಡುವ’ ಎಂದೇ ಕರೆಯುವುದು. ಕೆಳಗೆ ಕೋಣೆಯ ಸಮಯ ಸಣ್ಣಕ್ಷರದಲ್ಲಿ ಸಾಕು.