ವೆಬ್‌ಹುಕ್ ಲೋಕಲ್ ಮಷೀನ್‌ಗೆ ತರೋದು ಹೇಗೆ? ಕರೆಂಟ್ ಹೋದಾಗಲೆಲ್ಲ ಯುಆರ್‌ಎಲ್ ಬದಲಾಗ್ತಿದೆ, ಸಿಗ್ನೇಚರ್ ಕೂಡ ತಾಳೆ ಆಗ್ತಿಲ್ಲ

ಕೊಬ್ಬರಿ_ಕೋಡ್ (ತುಮಕೂರು)

ನಮಸ್ಕಾರ. ತಿಪಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬರಿಗೆ ಆರ್ಡರ್ ತಗೊಳ್ಳೋ ಸಣ್ಣ ಸೈಟ್ ಮಾಡ್ತಿದ್ದೀನಿ. ನೋಡ್ ಮತ್ತು ಎಕ್ಸ್‌ಪ್ರೆಸ್, ಪೋರ್ಟ್ 3000. ದುಡ್ಡು ಕಟ್ಟಿದ ಮೇಲೆ ಪೇಮೆಂಟ್ ಗೇಟ್‌ವೇಯಿಂದ ಬರೋ ವೆಬ್‌ಹುಕ್ (ದುಡ್ಡು ಬಂತು ಅಂತ ಗೇಟ್‌ವೇ ತಾನಾಗಿ ಕಳಿಸೋ ಸಂದೇಶ) ನನ್ನ ಲ್ಯಾಪ್‌ಟಾಪ್‌ಗೇ ಬರಬೇಕು, ಟೆಸ್ಟ್ ಮೋಡ್‌ನಲ್ಲಿ. ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ ನೋಡಿದೆ, ಹೊರಗಿನಿಂದ ಏನೂ ಬರಲಿಲ್ಲ. ಈಗ ಕ್ಲೌಡ್‌ಫ್ಲೇರ್ಡ್‌ನ ಕ್ವಿಕ್ ಟನಲ್ (ಹೊರಗಿನ ತಾತ್ಕಾಲಿಕ ವಿಳಾಸದಿಂದ ಲ್ಯಾಪ್‌ಟಾಪ್‌ಗೆ ದಾರಿ ಮಾಡೋದು) ಹಾಕಿದ್ದೀನಿ, ಹುಕ್ ಬರ್ತಿದೆ. ಆದರೆ ಎರಡು ತೊಂದರೆ:

ಒಂದು, ಕರೆಂಟ್ ಹೋಗಿ ಬಂದ ಮೇಲೆ ಮತ್ತೆ ಓಡಿಸಿದರೆ ಹೊಸ ವಿಳಾಸ ಕೊಡುತ್ತೆ. ಪ್ರತಿ ಸಲ ಡ್ಯಾಶ್‌ಬೋರ್ಡ್‌ಗೆ ಹೋಗಿ ಬದಲಾಯಿಸಬೇಕು.

ಇನ್ನೊಂದು ವಿಚಿತ್ರವಾಗಿದೆ. ಗಿರಾಕಿ ವಿಳಾಸ ಇಂಗ್ಲಿಷ್‌ನಲ್ಲಿ ಬರೆದಿದ್ದರೆ ಸಿಗ್ನೇಚರ್ (ಹುಕ್ ನಿಜವಾಗಿ ಗೇಟ್‌ವೇಯಿಂದಲೇ ಬಂತಾ ಅಂತ ತಿಳಿಸೋ ಗುರುತು) ಸರಿ ಬರುತ್ತೆ, ಕನ್ನಡದಲ್ಲಿ ಬರೆದಿದ್ದರೆ ತಪ್ಪು ಅಂತ ಬರುತ್ತೆ. ಟನಲ್ ಏನಾದರೂ ಅಕ್ಷರ ಕೆಡಿಸ್ತಿದೆಯಾ?

ಗುಬ್ಬಿಗೇಟ್_ಟರ್ಮಿನಲ್

ಮೊದಲು ಪೋರ್ಟ್ ಫಾರ್ವರ್ಡ್ ವಿಷಯ ಮುಗಿಸೋಣ. ರೂಟರ್‌ನ ವ್ಯಾನ್ ಐಪಿ (ಇಂಟರ್ನೆಟ್ ಕಡೆಯ ವಿಳಾಸ) ನೋಡಿ. ಅದು 100.64 ರಿಂದ 100.127 ರ ಒಳಗೆ ಶುರುವಾಗ್ತಿದ್ದರೆ ನೀವು ಸಿಜಿ-ನ್ಯಾಟ್ ಹಿಂದೆ ಇದ್ದೀರಿ. ಅಂದರೆ ಒಂದೇ ಪಬ್ಲಿಕ್ ಐಪಿಯನ್ನ ಎಷ್ಟೋ ಮನೆಗಳು ಹಂಚಿಕೊಂಡಿರುತ್ತವೆ, ನಿಮ್ಮ ರೂಟರ್‌ನಲ್ಲಿ ಏನೇ ತೆರೆದರೂ ಅದರ ಮುಂದೆ ಇನ್ನೊಂದು ಬಾಗಿಲು ಮುಚ್ಚಿಯೇ ಇರುತ್ತೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲೂ ಸಾಮಾನ್ಯವಾಗಿ ಇದೇ ಕಥೆ. ಟನಲ್ ಕೆಲಸ ಮಾಡೋದು ಯಾಕೆ ಅಂದರೆ, ನಿಮ್ಮ ಮಷೀನೇ ಒಳಗಿನಿಂದ ಹೊರಕ್ಕೆ ಸಂಪರ್ಕ ಹಿಡಿದು ಕೂತಿರುತ್ತೆ, ಹುಕ್ ಅದೇ ದಾರಿಯಲ್ಲಿ ವಾಪಸ್ ಬರುತ್ತೆ. ಹಾಗಾಗಿ ರೂಟರ್ ಸೆಟ್ಟಿಂಗ್ ಹಳೆಯದಕ್ಕೇ ತಿರುಗಿಸಿಬಿಡಿ.

ವಿಳಾಸ ಬದಲಾಗೋದು ಕ್ವಿಕ್ ಟನಲ್‌ನ ಸ್ವಭಾವ. ಪ್ರೋಸೆಸ್ ನಿಂತು ಮತ್ತೆ ಶುರುವಾದರೆ ಹೊಸ ಹೆಸರು. ಅದು ಹತ್ತು ನಿಮಿಷದ ಪರೀಕ್ಷೆಗೆ ಸಾಕು, ವಾರಗಟ್ಟಲೆ ಕೆಲಸಕ್ಕೆ ಅಲ್ಲ. ನಿಮಗೆ ಎರಡು ದಾರಿ ಇದೆ. (ಕಮಾಂಡ್‌ಗಳನ್ನ ಉಚ್ಚಾರದಂತೆ ಬರೆದಿದ್ದೀನಿ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಿರಿ.)

ಸ್ವಂತ ಡೊಮೈನ್ ಇಲ್ಲದಿದ್ದರೆ ಎನ್‌ಗ್ರಾಕ್ ಅನ್ನೋ ಇನ್ನೊಂದು ಟನಲ್ ಸೇವೆ. ಉಚಿತ ಖಾತೆಗೂ ಬದಲಾಗದ ಒಂದು ಡೊಮೈನ್ ಸಿಗುತ್ತೆ. ಒಮ್ಮೆ

ಎನ್‌ಗ್ರಾಕ್ ಕಾನ್ಫಿಗ್ ಆ್ಯಡ್-ಆಥ್‌ಟೋಕನ್ ನಿಮ್ಮ‌ಟೋಕನ್

ಆಮೇಲೆ ಪ್ರತಿ ಸಲ

ಎನ್‌ಗ್ರಾಕ್ ಎಚ್‌ಟಿಟಿಪಿ --ಯುಆರ್‌ಎಲ್=ನಿಮಗೆ‌ಕೊಟ್ಟ‌ಡೊಮೈನ್ 3000

ಹಳೆಯ ಲೇಖನಗಳಲ್ಲಿ --ಡೊಮೈನ್ ಅಂತ ಇರುತ್ತೆ, ಅದಕ್ಕೂ ಹಿಂದಿನವುಗಳಲ್ಲಿ --ಹೋಸ್ಟ್‌ನೇಮ್. ಅದನ್ನ ನೋಡಿ ಗೊಂದಲ ಆಗಬೇಡಿ. ಇದರ ದೊಡ್ಡ ಲಾಭ 127.0.0.1:4040 ರಲ್ಲಿ ತೆರೆಯೋ ಪುಟ. ಬಂದ ಪ್ರತಿ ಹುಕ್‌ನ ಹೆಡರ್, ಬಾಡಿ, ನಿಮ್ಮ ಉತ್ತರ ಎಲ್ಲ ಅಲ್ಲಿ ಕಾಣುತ್ತೆ. ರೀಪ್ಲೇ ಒತ್ತಿದರೆ ಅದೇ ಹುಕ್ ಮತ್ತೆ ಬರುತ್ತೆ, ಪ್ರತಿ ಸಲ ಟೆಸ್ಟ್ ಪೇಮೆಂಟ್ ಮಾಡೋ ಕಷ್ಟ ತಪ್ಪುತ್ತೆ. ಉಚಿತ ಖಾತೆಯಲ್ಲಿ ಬ್ರೌಸರ್‌ನಿಂದ ತೆರೆದರೆ ಮೊದಲು ಒಂದು ಎಚ್ಚರಿಕೆ ಪುಟ ಬರುತ್ತೆ, ಅದನ್ನ ನೋಡಿ ಹೆದರಬೇಡಿ, ವೆಬ್‌ಹುಕ್‌ಗೆ ಅದು ಅಡ್ಡ ಬರಲ್ಲ.

ಸ್ವಂತ ಡೊಮೈನ್ ಇದ್ದು ಅದರ ನೇಮ್‌ಸರ್ವರ್ ಕ್ಲೌಡ್‌ಫ್ಲೇರ್‌ನಲ್ಲಿದ್ದರೆ ಹೆಸರಿಟ್ಟ ಟನಲ್ ಮಾಡಿ:

ಕ್ಲೌಡ್‌ಫ್ಲೇರ್ಡ್ ಟನಲ್ ಲಾಗಿನ್
ಕ್ಲೌಡ್‌ಫ್ಲೇರ್ಡ್ ಟನಲ್ ಕ್ರಿಯೇಟ್ ಕೊಬ್ಬರಿ
ಕ್ಲೌಡ್‌ಫ್ಲೇರ್ಡ್ ಟನಲ್ ರೌಟ್ ಡಿಎನ್‌ಎಸ್ ಕೊಬ್ಬರಿ ಹುಕ್.ನಿಮ್ಮ‌ಡೊಮೈನ್
ಕ್ಲೌಡ್‌ಫ್ಲೇರ್ಡ್ ಟನಲ್ ರನ್ ಕೊಬ್ಬರಿ

ಕೊನೆಯದನ್ನ ಓಡಿಸೋ ಮೊದಲು ಕಾನ್ಫಿಗ್ ಫೈಲ್ ಬರೆಯಬೇಕು. ಅದರ ಇನ್‌ಗ್ರೆಸ್ ಪಟ್ಟಿಯ (ಯಾವ ವಿಳಾಸಕ್ಕೆ ಬಂದದ್ದು ಎಲ್ಲಿಗೆ ಹೋಗಬೇಕು ಅನ್ನೋ ನಿಯಮಗಳು) ಕಡೇ ಸಾಲು ಯಾವ ಹೋಸ್ಟ್‌ನೇಮೂ ಇಲ್ಲದ ನಿಯಮ ಆಗಿರಲೇಬೇಕು, ಸಾಮಾನ್ಯವಾಗಿ ಸರ್ವೀಸ್: ಎಚ್‌ಟಿಟಿಪಿ_ಸ್ಟೇಟಸ್:404. ಅದಿಲ್ಲದಿದ್ದರೆ ಟನಲ್ ಶುರುವೇ ಆಗಲ್ಲ. ಇನ್ನೊಂದು: ಈ ಕಾನ್ಫಿಗ್ ಫೈಲ್ .ಕ್ಲೌಡ್‌ಫ್ಲೇರ್ಡ್ ಫೋಲ್ಡರ್‌ನಲ್ಲಿ ಇರೋವರೆಗೆ ಕ್ವಿಕ್ ಟನಲ್ ನಡೆಯಲ್ಲ. ಬೇಕೆಂದರೆ ಫೈಲ್‌ನ ಹೆಸರು ಬದಲಿಸಿಡಿ.

ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಇರುತ್ತೆ, ಸಾಯೋದು ರೂಟರ್. ಅಡಾಪ್ಟರ್ ಮೇಲೆ 12 ವೋಲ್ಟ್ ಅಂತ ಇದ್ದರೆ ಅದೇ ವೋಲ್ಟೇಜಿನ ರೂಟರ್ ಯುಪಿಎಸ್ ಹಾಕಿದರೆ ಆಯ್ತು. ಇಲ್ಲಾಂದರೆ ಹಾಟ್‌ಸ್ಪಾಟ್‌ಗೆ ಬದಲಾಯಿಸಿ, ಹೆಸರಿಟ್ಟ ಟನಲ್ ಅದೇ ವಿಳಾಸದಲ್ಲಿ ಎದ್ದು ನಿಲ್ಲುತ್ತೆ. ಹಾಟ್‌ಸ್ಪಾಟ್‌ನಲ್ಲಿ ಅದು ಕನೆಕ್ಟ್ ಆಗದೆ ಒದ್ದಾಡ್ತಿದ್ದರೆ ಟನಲ್ ಬಳಸೋ ಯುಡಿಪಿ ಪೋರ್ಟ್ 7844 ಅನ್ನು ಆ ನೆಟ್‌ವರ್ಕ್ ತಡೆದಿರಬಹುದು. ಟನಲ್ ರನ್ ನಡುವೆ --ಪ್ರೋಟೋಕಾಲ್ ಎಚ್‌ಟಿಟಿಪಿ2 ಸೇರಿಸಿ, ಆಗ ಟಿಸಿಪಿಯಲ್ಲಿ ಹೋಗುತ್ತೆ.

ಶಿರಾಗೇಟ್_ಬ್ಯಾಕೆಂಡ್

ಕನ್ನಡ ಅಕ್ಷರದ ವಿಷಯ ನಾನು ಹೇಳ್ತೀನಿ. ಟನಲ್ ಕೆಡಿಸ್ತಿಲ್ಲ ಸರ್, ನಿಮ್ಮ ಕೋಡೇ ಕೆಡಿಸ್ತಿದೆ. ನೀವು ಜೇಸನ್.ಸ್ಟ್ರಿಂಗಿಫೈ(ರಿಕ್.ಬಾಡಿ) ಮೇಲೆ ಹ್ಯಾಶ್ (ಬೈಟ್‌ಗಳಿಂದ ಲೆಕ್ಕ ಹಾಕೋ ಗುರುತು) ತೆಗೀತಿದ್ದೀರಿ ಅಲ್ವಾ?

ಸಿಗ್ನೇಚರ್ ಅನ್ನೋದು ಅರ್ಥದ ಮೇಲೆ ಅಲ್ಲ, ಬೈಟ್‌ಗಳ ಮೇಲೆ. ಕಳಿಸೋರ ಕಡೆ "ಕ" ಅಕ್ಷರ ಬ್ಯಾಕ್‌ಸ್ಲ್ಯಾಷ್ ಯು 0ಸಿ95 ಅಂತ ಆರು ಆಸ್ಕಿ ಅಕ್ಷರಗಳಾಗಿ ಬಂದಿರಬಹುದು. ಪಿಎಚ್‌ಪಿಯ ಜೇಸನ್_ಎನ್‌ಕೋಡ್ ತಾನಾಗಿಯೇ ಹಾಗೆ ಮಾಡುತ್ತೆ, ಪೈಥಾನಿನ ಜೇಸನ್.ಡಂಪ್ಸ್ ಕೂಡ. ಎಕ್ಸ್‌ಪ್ರೆಸ್ ಅದನ್ನ ಪಾರ್ಸ್ ಮಾಡುತ್ತೆ, ನೀವು ಮತ್ತೆ ಸ್ಟ್ರಿಂಗ್ ಮಾಡಿದಾಗ ನಿಜವಾದ "ಕ" ಬರುತ್ತೆ, ಯುಟಿಎಫ್-8 ರಲ್ಲಿ ಮೂರು ಬೈಟ್. ಅರ್ಥ ಒಂದೇ, ಬೈಟ್ ಬೇರೆ, ಹ್ಯಾಶ್ ಬೇರೆ. ಇಂಗ್ಲಿಷ್ ವಿಳಾಸದಲ್ಲಿ ಈ ವ್ಯತ್ಯಾಸ ಇಲ್ಲ, ಅದಕ್ಕೇ ಪಾಸಾಗ್ತಿದೆ. 10.0 ಅನ್ನೋ ಸಂಖ್ಯೆ ಬಂದರೂ ಹೀಗೇ ಆಗುತ್ತೆ, ನೋಡ್ ಅದನ್ನ 10 ಮಾಡಿಬಿಡುತ್ತೆ.

ಪರಿಹಾರ: ಹುಕ್‌ನ ರೌಟ್‌ಗೆ ಮಾತ್ರ ಎಕ್ಸ್‌ಪ್ರೆಸ್.ರಾ ಹಾಕಿ, ಟೈಪ್ ಅಪ್ಲಿಕೇಷನ್/ಜೇಸನ್. ಈ ರೌಟ್, ಆ್ಯಪ್.ಯೂಸ್(ಎಕ್ಸ್‌ಪ್ರೆಸ್.ಜೇಸನ್) ಸಾಲಿಗಿಂತ ಮೇಲೆ ಇರಲಿ. ಕೆಳಗಿದ್ದರೆ ಬಾಡಿ ಆಗಲೇ ಪಾರ್ಸ್ ಆಗಿಹೋಗಿರುತ್ತೆ. ಈಗ ರಿಕ್.ಬಾಡಿ ಒಂದು ಬಫರ್. ಮೊದಲು ಅದರ ಮೇಲೇ ಎಚ್‌ಮ್ಯಾಕ್ (ಸೀಕ್ರೆಟ್ ಸೇರಿಸಿ ತೆಗೆಯೋ ಹ್ಯಾಶ್) ತೆಗೆಯಿರಿ, ಸಿಗ್ನೇಚರ್ ಸರಿಯಾದ ಮೇಲೆ ಜೇಸನ್.ಪಾರ್ಸ್ ಮಾಡಿ.

ಹೋಲಿಸೋಕೆ ಕ್ರಿಪ್ಟೋ.ಟೈಮಿಂಗ್‌ಸೇಫ್‌ಈಕ್ವಲ್ ಬಳಸಿ, ಆದರೆ ಎರಡು ಬಫರ್‌ನ ಉದ್ದ ಬೇರೆಯಾದರೆ ಅದು ಎರರ್ ಎಸೆಯುತ್ತೆ. ಉದ್ದ ಮೊದಲು ನೋಡದಿದ್ದರೆ ಯಾರೋ ಕಳಿಸಿದ ಅರೆಬರೆ ಹೆಡರ್‌ಗೆ 400 ಬದಲು 500 ಹೋಗುತ್ತೆ.

ಕೈಯಿಂದ ಪರೀಕ್ಷಿಸಬೇಕಾದರೆ ಬಫರ್ ಅನ್ನು ಹಾಗೇ ಫೈಲ್‌ಗೆ ಬರೆದು

ಓಪನ್‌ಎಸ್‌ಎಸ್‌ಎಲ್ ಡಿಜಿಎಸ್‌ಟಿ -ಎಸ್‌ಎಚ್‌ಎ256 -ಎಚ್‌ಮ್ಯಾಕ್ 'ಸೀಕ್ರೆಟ್' ಬಾಡಿ.ಜೇಸನ್

ಎಡಿಟರ್‌ನಲ್ಲಿ ಪೇಸ್ಟ್ ಮಾಡಿ ಸೇವ್ ಮಾಡಬೇಡಿ. ಕೆಲವು ಎಡಿಟರ್‌ಗಳು ಕೊನೆಗೆ ಒಂದು ಹೊಸಸಾಲು ಸೇರಿಸುತ್ತವೆ, ಆ ಒಂದು ಬೈಟ್ ಸಾಕು ಹ್ಯಾಶ್ ತಪ್ಪೋಕೆ.

ರೇಜರ್‌ಪೇ ಬಳಸ್ತಿದ್ದರೆ ಇಲ್ಲಿ ಬೇಕಾದ ಸೀಕ್ರೆಟ್ ಎಪಿಐ ಕೀ ಜೊತೆ ಕೊಟ್ಟಿದ್ದಲ್ಲ, ವೆಬ್‌ಹುಕ್ ಸೇರಿಸುವಾಗ ನೀವೇ ಬರೆದದ್ದು. ತುಂಬಾ ಜನ ಇಲ್ಲೇ ಎಡವೋದು. ಒಂದೇ ಇವೆಂಟ್ ಎರಡು ಸಲ ಬರಬಹುದು, ಕ್ರಮವೂ ಖಾತ್ರಿ ಇಲ್ಲ. ಆಥರೈಸ್ಡ್ (ಪಾವತಿಗೆ ಒಪ್ಪಿಗೆ ಸಿಕ್ಕಿತು) ಇವೆಂಟ್‌ಗಿಂತ ಮುಂಚೆ ಕ್ಯಾಪ್ಚರ್ಡ್ (ದುಡ್ಡು ಪಡೆದದ್ದಾಯ್ತು) ಬಂದರೂ ನಿಮ್ಮ ಕೋಡ್ ತಡೆದುಕೊಳ್ಳಬೇಕು. ಎಕ್ಸ್-ರೇಜರ್‌ಪೇ-ಇವೆಂಟ್-ಐಡಿ ಹೆಡರ್ ಅನ್ನು ಡೇಟಾಬೇಸ್‌ನಲ್ಲಿ ಯೂನಿಕ್ ಕಾಲಂಗೆ ಹಾಕಿ. ಇಲ್ಲಾಂದರೆ ಒಂದೇ ದುಡ್ಡಿಗೆ ಎರಡು ಮೂಟೆ ಕೊಬ್ಬರಿ ಹೋಗುತ್ತೆ, ನಷ್ಟ ಆ ವ್ಯಾಪಾರಿಗೆ. ಮೊತ್ತ ಪೈಸೆಯಲ್ಲಿ ಇರುತ್ತೆ, 50000 ಅಂದರೆ 500 ರೂಪಾಯಿ.

ಕ್ಯಾತ್ಸಂದ್ರ_ನೆಟ್

ಮೇಲಿನವರು ಹೇಳಿದ್ದು ಸರಿ. ಟನಲ್ ಎದ್ದ ಮೇಲೆ ಡ್ಯಾಶ್‌ಬೋರ್ಡ್‌ಗೆ ಹೋಗೋ ಮೊದಲು ಒಂದು ಕರ್ಲ್ (ಟರ್ಮಿನಲ್‌ನಿಂದ ವಿನಂತಿ ಕಳಿಸೋ ಕಮಾಂಡ್) ಹೊಡೆಯಿರಿ, ಕೆಲಸ ಬೇಗ ಆಗುತ್ತೆ:

ಕರ್ಲ್ -ಐ -ಎಚ್ 'ಕಂಟೆಂಟ್-ಟೈಪ್: ಅಪ್ಲಿಕೇಷನ್/ಜೇಸನ್' -ಡಿ '{}' ಎಚ್‌ಟಿಟಿಪಿಎಸ್://ನಿಮ್ಮ‌ವಿಳಾಸ/ವೆಬ್‌ಹುಕ್

ಇಲ್ಲಿ ಮೊದಲ ಐ ಸಣ್ಣಕ್ಷರ, ಎಚ್ ದೊಡ್ಡಕ್ಷರ. ಸಿಗ್ನೇಚರ್ ಇಲ್ಲ ಅಂತ ನಿಮ್ಮ ಕೋಡ್ 400 ಕೊಟ್ಟರೆ ಅದೇ ಶುಭ ಸೂಚನೆ, ದಾರಿ ಪೂರ್ತಿ ತೆರೆದಿದೆ ಅಂತ ಅರ್ಥ. 404 ಬಂದರೆ ಪಾತ್ ತಪ್ಪು. 530 ಜೊತೆ 1033 ಅಂತ ಬಂದರೆ ಕ್ಲೌಡ್‌ಫ್ಲೇರ್ ಕಡೆಗೆ ನಿಮ್ಮ ಟನಲ್ ಜೋಡಣೆಯೇ ಆಗಿಲ್ಲ. 502 ಬಂದರೆ ಟನಲ್ ಇದೆ, ಹಿಂದಿರೋ ಆ್ಯಪ್ ಸಿಗ್ತಿಲ್ಲ. ಆಗ ಲಾಗ್‌ನಲ್ಲಿ [::1]:3000 ಕನೆಕ್ಷನ್ ರೆಫ್ಯೂಸ್ಡ್ ಅಂತ ಇದೆಯಾ ನೋಡಿ. ಲೋಕಲ್‌ಹೋಸ್ಟ್ ಅನ್ನೋ ಹೆಸರು ಐಪಿವಿ6 ಕಡೆಗೆ ಹೋಗ್ತಿದೆ, ನಿಮ್ಮ ಆ್ಯಪ್ ಐಪಿವಿ4 ರಲ್ಲಿ ಮಾತ್ರ ಕಾಯ್ತಿದೆ. ಕಾನ್ಫಿಗ್‌ನಲ್ಲಿ ಲೋಕಲ್‌ಹೋಸ್ಟ್ ಬದಲು 127.0.0.1 ಬರೆಯಿರಿ. ಸ್ವಂತ ಡೊಮೈನ್‌ನಲ್ಲಿ 403 ಬರ್ತಿದ್ದರೆ ಬಾಟ್ ಫೈಟ್ ಮೋಡ್ ಆನ್ ಇದೆಯಾ ಅಂತ ನೋಡಿ, ಅದಕ್ಕೆ ವೆಬ್‌ಹುಕ್ ಕೂಡ ಬಾಟ್ ತರಾನೇ ಕಾಣುತ್ತೆ.

ಒಂದು ಮಾತು ಯಾರೂ ಹೇಳಲಿಲ್ಲ. ಟನಲ್ ತೆರೆದಿರುವಷ್ಟು ಹೊತ್ತು 3000 ರಲ್ಲಿ ಇರೋದೆಲ್ಲ ಜಗತ್ತಿಗೆ ತೆರೆದಿರುತ್ತೆ, ಬರೀ /ವೆಬ್‌ಹುಕ್ ಅಲ್ಲ. ಆರ್ಡರ್ ಪಟ್ಟಿ, ಗಿರಾಕಿಗಳ ಫೋನ್ ನಂಬರ್, ಪಾಸ್‌ವರ್ಡ್ ಹಾಕದೆ ಬಿಟ್ಟ ಅಡ್ಮಿನ್ ಪುಟ, ಎಲ್ಲ. ಇನ್‌ಗ್ರೆಸ್ ನಿಯಮದಲ್ಲಿ ಪಾತ್: ^/ವೆಬ್‌ಹುಕ್$ ಅಂತ ಹಾಕಿ, ಮಿಕ್ಕಿದ್ದೆಲ್ಲ ಆ ಕಡೇ 404 ಸಾಲಿಗೆ ಬೀಳುತ್ತೆ. ಸುಳ್ಳು ಡೇಟಾ ಇರೋ ಬೇರೆ ಡೇಟಾಬೇಸ್ ಇಟ್ಟುಕೊಳ್ಳೋದು ಇನ್ನೂ ಒಳ್ಳೆಯದು.

ಕೊಬ್ಬರಿ_ಕೋಡ್ (ತುಮಕೂರು)

ಎಲ್ಲರಿಗೂ ಧನ್ಯವಾದ. ಶಿರಾಗೇಟ್ ಸರ್, ನೀವು ಹೇಳಿದ್ದೇ ನಿಜ, ಸ್ಟ್ರಿಂಗಿಫೈ ಮಾಡ್ತಿದ್ದೆ. ಬಫರ್ ಫೈಲ್‌ಗೆ ಬರೆದು ನೋಡಿದರೆ ವಿಳಾಸವೆಲ್ಲ ಬ್ಯಾಕ್‌ಸ್ಲ್ಯಾಷ್ ಯು ರೂಪದಲ್ಲೇ ಇದೆ. ರಾ ಹಾಕಿದ ಮೇಲೆ ಕನ್ನಡ ಆರ್ಡರ್ ಕೂಡ ಸರಿ ಬರ್ತಿದೆ. ಹೆಸರಿಟ್ಟ ಟನಲ್ ಮಾಡಿದ್ದೀನಿ, ಪಾತ್ ನಿಯಮವೂ ಹಾಕಿದೆ. ಒಂದೇ ಅನುಮಾನ: ಹುಕ್ ಬಂದ ತಕ್ಷಣ ಪಿಡಿಎಫ್ ಬಿಲ್ ಮಾಡಿ ವಾಟ್ಸಾಪ್‌ಗೆ ಕಳಿಸಿ, ಆಮೇಲೆ 200 ಕೊಡ್ತಿದ್ದೀನಿ. ಕೆಲವು ಹುಕ್ ಮತ್ತೆ ಮತ್ತೆ ಬರ್ತಿವೆ.

ಶಿರಾಗೇಟ್_ಬ್ಯಾಕೆಂಡ್

ಕ್ರಮ ತಿರುಗಿಸಿ. ಸಿಗ್ನೇಚರ್ ನೋಡಿ, ಇವೆಂಟ್ ಅನ್ನು ಟೇಬಲ್‌ಗೆ ಸೇರಿಸಿ, ತಕ್ಷಣ 200 ಕೊಡಿ. ಬಿಲ್ ಮತ್ತು ವಾಟ್ಸಾಪ್ ಬೇರೆ ಪ್ರೋಸೆಸ್ ಆ ಟೇಬಲ್ ಓದಿಕೊಂಡು ಮಾಡಲಿ. ರೇಜರ್‌ಪೇ 5 ಸೆಕೆಂಡ್ ಕಾಯುತ್ತೆ. ಅಷ್ಟರಲ್ಲಿ ಉತ್ತರ ಹೋಗದಿದ್ದರೆ ಸೋತಿದೆ ಅಂತ ಲೆಕ್ಕ, ರೇಜರ್‌ಪೇ ಅದನ್ನ ಮತ್ತೆ ಕಳಿಸುತ್ತೆ. ಟೇಬಲ್‌ಗೆ ಸೇರೋ ಮೊದಲೇ 200 ಕೊಡಬೇಡಿ, ನಡುವೆ ಪ್ರೋಸೆಸ್ ಬಿದ್ದರೆ ಆ ಆರ್ಡರ್ ಮತ್ತೆ ಬರಲ್ಲ.