ಹಳೇ ಮಿರರ್ ದೋಣಿ: ಬಲಗಡೆ ಗಾಳಿತೊಟ್ಟಿಗೆ ನೀರು ಎಲ್ಲಿಂದ ಬರುತ್ತಿದೆ?

ಹೊಸನಗರದವ | ಅಕ್ಟೋಬರ್ 12

ಎಲ್ಲರಿಗೂ ನಮಸ್ಕಾರ. ನಾನಿರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಶರಾವತಿ ಹಿನ್ನೀರಿನ ಪಕ್ಕದಲ್ಲೇ ಬೆಳೆದವನಾದರೂ ದೋಣಿ ಅಂದರೆ ನನಗೆ ಗೊತ್ತಿದ್ದದ್ದು ಸಿಗಂದೂರಿನ ಲಾಂಚ್ ಒಂದೇ. ಮಗಳು ಶಾಲೆಯವರ ಜೊತೆ ರಟ್ಲಂಡ್ ವಾಟರ್‌ಗೆ ಹೋಗಿ ಹಾಯಿದೋಣಿ ಹತ್ತಿ ಬಂದಳು. ಅವತ್ತಿನಿಂದ ಮನೆಯಲ್ಲಿ ಅದೇ ಮಾತು.

ಮೇ ತಿಂಗಳಲ್ಲಿ ಪಕ್ಕದ ಬೀದಿಯ ಅಜ್ಜ ಒಬ್ಬರ ಗ್ಯಾರೇಜಿನಿಂದ 150 ಪೌಂಡ್ ಕೊಟ್ಟು ಒಂದು ಮಿರರ್ ತಂದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. 1963ರಲ್ಲಿ ಇಲ್ಲಿನ ಡೈಲಿ ಮಿರರ್ ಪತ್ರಿಕೆಯವರು, ಜನ ಮನೆಯಲ್ಲೇ ಕಟ್ಟಿಕೊಳ್ಳಲಿ ಅಂತ ಹೊರತಂದ ದೋಣಿ ಇದು. ಆಗ ಕಿಟ್‌ನ ಬೆಲೆ 63 ಪೌಂಡ್ 11 ಶಿಲ್ಲಿಂಗ್. ಪ್ಲೈವುಡ್ ಹಲಗೆಗಳ ಅಂಚಿಗೆ ತೂತು ಕೊರೆದು, ತಾಮ್ರದ ತಂತಿಯಲ್ಲಿ ಬಟ್ಟೆ ಹೊಲಿದ ಹಾಗೆ ಹೊಲಿದು, ಸಂದಿಗೆ ಫೈಬರ್‌ಗ್ಲಾಸ್ ಪಟ್ಟಿ ಅಂಟಿಸಿದರೆ ದೋಣಿ ಆಯಿತು. ಉದ್ದ 3.3 ಮೀಟರ್. ಮೂತಿ ಚೂಪಿಲ್ಲ, ಕತ್ತರಿಸಿದ ಹಾಗೆ ಚಪ್ಪಟೆ. ಹಾಯಿ ಕೆಂಪು. ನನ್ನದು ಮಾಸಿ ಹಳೇ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ.

ಬೇಸಿಗೆಯಲ್ಲಿ ಐದು ಸಲ ನೀರಿಗಿಳಿಸಿದೆವು. ಈಗ ತೊಂದರೆಗಳು:

ಬಲಗಡೆ ಸೀಟಿನ ಕೆಳಗೆ ಗಾಳಿ ತುಂಬಿದ ತೊಟ್ಟಿ ಇದೆಯಲ್ಲ, ಅದರಲ್ಲಿ ಪ್ರತಿ ಸಲವೂ ಎರಡು ಲೀಟರ್ ನೀರು ಸೇರುತ್ತದೆ. ಬಿರಡೆ ತೆಗೆದು ವಾಲಿಸಿದರೆ ಬಕೆಟ್‌ಗೆ ಸುರಿಯುತ್ತದೆ, ಅಳೆದಿದ್ದೇನೆ. ಎಡಗಡೆ ತೊಟ್ಟಿ ಪೂರ್ತಿ ಒಣ.

ಹಿಂದಿನ ಅಡ್ಡ ಹಲಗೆಯ ಹತ್ತಿರ, ಮೂಲೆಯಲ್ಲಿ, ಅಂಗೈಯಗಲ ಜಾಗದಲ್ಲಿ ವಾರ್ನಿಷ್ ಕೆಳಗೆ ಮರ ಕಪ್ಪಾಗಿದೆ. ಹೆಬ್ಬೆರಳಲ್ಲಿ ಒತ್ತಿದರೆ ಸ್ವಲ್ಪ ಬಗ್ಗುತ್ತದೆ.

ಬಾತ್‌ರೂಮಿನ ತೂಕದ ಯಂತ್ರವನ್ನು ಒಂದೊಂದು ತುದಿಗೆ ಇಟ್ಟು ಕೂಡಿಸಿದೆ. 53 ಕೆ.ಜಿ. ಬರೀ ಒಡಲು 45.5 ಇರಬೇಕಂತೆ. ಉಳಿದದ್ದು ನೀರೋ, ಬಣ್ಣವೋ?

ಇಲ್ಲಿನ ಗೆಳೆಯನೊಬ್ಬ "ಸುಮ್ನೆ ಇಡೀ ದೋಣಿಗೆ ಹೊರಗಿನಿಂದ ಫೈಬರ್ ಹೊದಿಸಿಬಿಡು, ಜನ್ಮಪೂರ್ತಿ ಚಿಂತೆ ಇಲ್ಲ" ಅನ್ನುತ್ತಾನೆ. ಹಾಗೆ ಮಾಡಲಾ?

ಟೀಕೆರಾಯ | ಅಕ್ಟೋಬರ್ 12

150 ಪೌಂಡಿಗೆ ದೋಣಿ ಸಿಕ್ಕಿತು ಅಂತ ಹಿಗ್ಗಬೇಡಿ ಸಾರ್. ಅಜ್ಜ ನಿಮಗೆ ದೋಣಿ ಮಾರಿಲ್ಲ, ಕೆಲಸ ಮಾರಿದ್ದಾರೆ. 😀

ಗಂಗೊಳ್ಳಿ ಚುಕ್ಕಾಣಿ | ಅಕ್ಟೋಬರ್ 13

ಹೊಸನಗರದವರೇ, ಫೈಬರ್ ಹೊದಿಸುವ ವಿಚಾರ ಇವತ್ತೇ ಬಿಟ್ಟುಬಿಡಿ ಮಾರಾಯ್ರೆ. ಒದ್ದೆ ಹಪ್ಪಳ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದ ಹಾಗೆ ಆಗುತ್ತದೆ. ಒಳಗಿನ ನೀರು ಹೊರಗೆ ಹೋಗಲಿಕ್ಕೆ ದಾರಿ ಇಲ್ಲ. ಎರಡು ವರ್ಷದಲ್ಲಿ ಹೊರಗೆ ಚಂದದ ಫೈಬರ್, ಒಳಗೆ ಗೊಬ್ಬರ. ತೂಕವೂ ಜಾಸ್ತಿ ಆಗುತ್ತದೆ.

ನಾನು ಹದಿನೆಂಟು ವರ್ಷ ದೋಣಿ ರಿಪೇರಿಯಲ್ಲಿ ಇದ್ದವ. ಮೊದಲು ಊರಲ್ಲಿ ಮೀನಿನ ದೋಣಿ, ಆಮೇಲೆ ಮಸ್ಕತ್‌ನಲ್ಲಿ ಸಣ್ಣ ಹಾಯಿದೋಣಿ. ನಮ್ಮ ಅಜ್ಜನ ಕಾಲದಲ್ಲಿ ಮರದ ದೋಣಿಗೆ ಗೇರೆಣ್ಣೆ ಬಳಿಯುತ್ತಿದ್ದರು. ಮಳೆಗಾಲಕ್ಕೆ ಮೇಲೆಳೆದು, ಕೆಳಗೆ ಮರದ ತುಂಡು ಕೊಟ್ಟು, ಮೇಲೆ ಮಡಲು ಹೊದಿಸಿ ಇಡುವುದು. ಮಡಲಿನ ಸಂದಿಯಲ್ಲಿ ಗಾಳಿ ಆಡುತ್ತದೆ, ಅದೇ ಮುಖ್ಯ. ಮರ ಕೊಳೆಸುವುದು ಉಪ್ಪುನೀರಿಗಿಂತ ಮಳೆನೀರೇ ಜಾಸ್ತಿ. ನೀವು ಓಡಿಸುವುದೂ ಸಿಹಿನೀರಲ್ಲಿ. ಹಾಗಾಗಿ ಒಣಗಿಸುವುದರಲ್ಲಿ ಸೋಮಾರಿತನ ಬೇಡ.

ಮೊದಲು ಸೋರಿಕೆ. ಕಣ್ಣಲ್ಲಿ ನೋಡಿ ಹುಡುಕಲಿಕ್ಕೆ ಹೋಗಬೇಡಿ, ಸಿಗುವುದಿಲ್ಲ. ಬಿರಡೆಯ ತೂತಿಗೆ ಒಂದು ಪ್ಲಾಸ್ಟಿಕ್ ಪೈಪ್ ಸಿಕ್ಕಿಸಿ, ಸುತ್ತ ಟೇಪ್ ಸುತ್ತಿ. ಪಾತ್ರೆ ತೊಳೆಯುವ ಸೋಪನ್ನು ನೀರಲ್ಲಿ ಕದಡಿ ಬ್ರಷ್‌ನಲ್ಲಿ ತೊಟ್ಟಿಯ ಎಲ್ಲಾ ಸಂದಿಗೂ ಹಚ್ಚಿ. ಸಂದಿಗೆ ಮಾತ್ರ ಅಲ್ಲ, ಎಲ್ಲೆಲ್ಲಿ ಸ್ಕ್ರೂ ಇದೆಯೋ ಅಲ್ಲಿಗೂ. ಆಮೇಲೆ ಪೈಪಿಗೆ ಬಾಯಿ ಇಟ್ಟು ಊದಿ. ಬಾಯಲ್ಲೇ ಊದಿ, ಕಂಪ್ರೆಸರ್ ತರಬೇಡಿ. ಒತ್ತಡ ಜಾಸ್ತಿಯಾದರೆ ಅಂಟು ಬಿಟ್ಟುಕೊಂಡು ಹೊಸ ತೊಂದರೆ ಶುರು. ಗುಳ್ಳೆ ಎಲ್ಲಿ ಏಳುತ್ತದೆ ಅಂತ ಮಗಳಿಗೆ ನೋಡಲಿಕ್ಕೆ ಹೇಳಿ. ಮಕ್ಕಳ ಕಣ್ಣು ಚುರುಕು.

ಇದನ್ನು ಹಗುರವಾಗಿ ತಗೊಬೇಡಿ. ಆ ತೊಟ್ಟಿಗಳು ಇರುವುದೇ ದೋಣಿ ಮಗುಚಿದಾಗ ತೇಲಲಿಕ್ಕೆ. ಒಂದು ಬದಿ ಗಾಳಿ, ಇನ್ನೊಂದು ಬದಿ ನೀರು ಅಂದರೆ ಎತ್ತಿ ನಿಲ್ಲಿಸಿದರೂ ವಾಲಿಕೊಂಡೇ ಇರುತ್ತದೆ.

ಇನ್ನು ಕಪ್ಪಾದ ಮೂಲೆ. ಸ್ಕ್ರೂಡ್ರೈವರಿನ ಹಿಡಿಯಿಂದ ಹಲಗೆಯನ್ನು ತಟ್ಟುತ್ತಾ ಬನ್ನಿ. ಗಟ್ಟಿ ಮರ ಟಕ್ ಟಕ್ ಅನ್ನುತ್ತದೆ. ಕೊಳೆತಲ್ಲಿ ದಬ್ ಅಂತ ಸತ್ತ ಸದ್ದು, ತೆಂಗಿನಕಾಯಿ ತಟ್ಟಿ ನೋಡುತ್ತೀರಲ್ಲ ಹಾಗೆ. ಸದ್ದು ಬದಲಾದಲ್ಲೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿ. ಕಣ್ಣಿಗೆ ಕಾಣುವುದಕ್ಕಿಂತ ದೊಡ್ಡ ವೃತ್ತವೇ ಬರುತ್ತದೆ, ಹೆದರಬೇಡಿ.

ಒಂದು ಪ್ರಶ್ನೆ. ಅಜ್ಜ ದೋಣಿಯನ್ನು ಗ್ಯಾರೇಜಿನಲ್ಲಿ ಹೇಗೆ ಇಟ್ಟಿದ್ದರು?

ಎಂಟರ್‌ಪ್ರೈಸ್ 82 | ಅಕ್ಟೋಬರ್ 13

ನಾನು ಮಂಗಳೂರಲ್ಲಿ ಓದುವಾಗ ಎನ್‌ಸಿಸಿ ನೌಕಾ ವಿಭಾಗದಲ್ಲಿದ್ದೆ. ಅಲ್ಲಿ ಓಡಿಸುತ್ತಿದ್ದದ್ದು ತಿಳಿನೀಲಿ ಹಾಯಿಯ ಎಂಟರ್‌ಪ್ರೈಸ್. ಅದನ್ನು ರೂಪಿಸಿದವರು ಜ್ಯಾಕ್ ಹೋಲ್ಟ್, ನಿಮ್ಮ ಮಿರರನ್ನು ರೂಪಿಸಿದ್ದರಲ್ಲೂ ಅವರ ಕೈ ಇತ್ತು. ಹಾಗಾಗಿ ನೀವು ನನಗೆ ದಾಯಾದಿ ಆದಂತೆ.

ಒಡಲಿನ ಬಗ್ಗೆ ಚುಕ್ಕಾಣಿಯವರೇ ಹೇಳಲಿ. ನಾನು ಹೇಳುವುದು ದೋಣಿಯ ಚುಕ್ಕಾಣಿಯ ಬಗ್ಗೆ. ಹಿಂದಿನ ಹಲಗೆಯ ಕೊಂಡಿಗಳಿಗೆ ಅದನ್ನು ಸಿಕ್ಕಿಸಿದ ಮೇಲೆ, ಮೇಲಕ್ಕೆ ಜಾರದಂತೆ ತಡೆಯುವ ಒಂದು ಸ್ಪ್ರಿಂಗ್ ಪಟ್ಟಿ ಇರುತ್ತದೆ. ಬೆರಳಗಲದ್ದು. ಒಂದು ದಿನ ಅದು ಮುರಿದಿದ್ದು ಕಂಡೂ "ಇವತ್ತೊಂದು ದಿನ ನಡೆಯುತ್ತೆ" ಅಂತ ಹೊರಟೆ. ದೋಣಿ ಮಗುಚಿತು, ಚುಕ್ಕಾಣಿ ಕಳಚಿಕೊಂಡು ತಳ ಸೇರಿತು. ಹುಟ್ಟು ಹಾಕಿಕೊಂಡು ದಡಕ್ಕೆ ಬಂದಾಗ ನಗದವರು ಯಾರೂ ಇರಲಿಲ್ಲ. ಪಟ್ಟಿ ಹೊಸದು ಹಾಕಿ, ಜೊತೆಗೆ ಒಂದು ತೆಳು ಹಗ್ಗವನ್ನೂ ಕಟ್ಟಿ.

ಕಂಬವನ್ನು ಎಳೆದು ಹಿಡಿಯುವ ಉಕ್ಕಿನ ತಂತಿಗಳನ್ನು ಹಳೇ ಬಟ್ಟೆಯಲ್ಲಿ ಹಿಡಿದು ಮೇಲಿಂದ ಕೆಳಗೆ ಒರೆಸಿ. ಬಟ್ಟೆ ಎಲ್ಲಾದರೂ ಸಿಕ್ಕಿಕೊಂಡರೆ ಒಂದು ಎಳೆ ತುಂಡಾಗಿದೆ ಅಂತ ಅರ್ಥ. ತಂತಿ ಬದಲಿಸಿ. ಬರಿಗೈಲಿ ಮಾತ್ರ ಸವರಬೇಡಿ.

ಪರ್ತ್ ಪದ್ಮಕ್ಕ | ಅಕ್ಟೋಬರ್ 14

ನನ್ನ ಮಗನೂ ಇಲ್ಲಿ ಆಸ್ಟ್ರೇಲಿಯಾದಲ್ಲಿ ಮಿರರ್‌ನಲ್ಲೇ ಕಲಿತ. ಒಂದು ವಿಷಯ ಸೇರಿಸುತ್ತೇನೆ. ರಿಪೇರಿಗೆ ಅಂಗಡಿಯಲ್ಲಿ ಎರಡು ಜಾತಿ ರಾಳ ಸಿಗುತ್ತೆ, ಪಾಲಿಯೆಸ್ಟರ್ ಮತ್ತು ಎಪಾಕ್ಸಿ. ನಿಮ್ಮ ದೋಣಿ ಕಟ್ಟಿದ್ದು ಪಾಲಿಯೆಸ್ಟರಿನಲ್ಲಿ ಇರಬಹುದು, ಅಗ್ಗವೂ ಅದೇ. ಆದರೂ ಎಪಾಕ್ಸಿ ತನ್ನಿ. ಹಳೇ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಹಿಡಿಯುತ್ತೆ, ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯಲ್ಲ. ಮರಕ್ಕಂತೂ ಎಪಾಕ್ಸಿಯೇ ಸರಿ. ನಮ್ಮ ಮನೆಗಳಲ್ಲಿ ಇರುತ್ತಲ್ಲ ಅರಲ್ಡೈಟ್, ಅದರ ಜಾತಿಯೇ, ನೀರಾಗಿರುತ್ತೆ ಅಷ್ಟೇ.

ಎಪಾಕ್ಸಿ ಎರಡು ಡಬ್ಬಿಯಲ್ಲಿ ಬರುತ್ತೆ, ಒಂದು ರಾಳ, ಇನ್ನೊಂದು ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್. ಎರಡನ್ನೂ ಹೇಳಿದ ಅಳತೆಯಲ್ಲೇ ಬೆರೆಸಬೇಕು. ಬೇಗ ಗಟ್ಟಿಯಾಗಲಿ ಅಂತ ಹಾರ್ಡ್‌ನರ್ ಒಂದು ಹನಿ ಜಾಸ್ತಿ ಹಾಕುವ ಬುದ್ಧಿವಂತಿಕೆ ಬೇಡ. ನಮ್ಮ ಯಜಮಾನರು ಮಾಡಿ, ವಾರವಾದರೂ ಜಿಗಿಜಿಗಿ ಅಂತಿತ್ತು. ಎಲ್ಲಾ ಕೆರೆದು ತೆಗೆದಿದ್ದು ನಾನು. ದೊಡ್ಡ ಲೋಟದಲ್ಲಿ ಒಟ್ಟಿಗೆ ಕಲಸಲೂ ಬೇಡಿ, ಅದರಷ್ಟಕ್ಕೇ ಕಾದು ಹೊಗೆ ಬರುತ್ತೆ. ಒಣಗಿದ ಮೇಲೆ ಮೇಲ್ಮೈಯಲ್ಲಿ ಮೇಣದಂಥ ಜಿಡ್ಡು ಕೂತಿರುತ್ತೆ. ಮೊದಲು ನೀರಲ್ಲಿ ತೊಳೆದು, ಆಮೇಲೆ ಉಪ್ಪುಕಾಗದ ಹಿಡಿಯಿರಿ. ಕೈಗೆ ಗ್ಲೌಸ್, ಉಜ್ಜುವಾಗ ಮಾಸ್ಕ್ ಮರೀಬೇಡಿ. ಬರೀ ಎಪಾಕ್ಸಿ ಬಿಸಿಲಿಗೆ ತಡೆಯಲ್ಲ, ಮೇಲೆ ವಾರ್ನಿಷ್ ಅಥವಾ ಬಣ್ಣ ಇರಲೇಬೇಕು.

ಹೊಸನಗರದವ | ನವೆಂಬರ್ 3

ಎಲ್ಲರಿಗೂ ಥ್ಯಾಂಕ್ಸ್. ಚುಕ್ಕಾಣಿ ಅಣ್ಣಾ, ನಿಮ್ಮ ಪ್ರಶ್ನೆಗೆ ಉತ್ತರ: ಅಜ್ಜ ಅದನ್ನು ಗೋಡೆಗೆ ಒರಗಿಸಿ, ಮೂತಿ ಮೇಲೆ ಮಾಡಿ ನಿಲ್ಲಿಸಿದ್ದರು. ಬಿರಡೆಗಳನ್ನು ಹಾಕಿಯೇ.

ಸೋಪಿನ ಪರೀಕ್ಷೆ ಶನಿವಾರ ಮಾಡಿದೆ. ಸಂದಿಯ ಪಟ್ಟಿ ಎಲ್ಲೋ ಎದ್ದಿರಬೇಕು ಅಂತಲೇ ಅಂದುಕೊಂಡಿದ್ದೆ. ಒಂದು ಗುಳ್ಳೆಯೂ ಇಲ್ಲ. ಕೆನ್ನೆ ನೋಯುವಷ್ಟು ಊದಿದೆ. ಆಗ ಮಗಳು "ಅಪ್ಪಾ, ಸೀಟು ನೊರೆ ಬಿಡ್ತಿದೆ" ಅಂದಳು. ಮುಂದಿನ ಸಣ್ಣ ಹಾಯಿಯ ಹಗ್ಗ ಹಾದುಹೋಗುವ ಪ್ಲಾಸ್ಟಿಕ್ ಬಳೆಯನ್ನು ಸೀಟಿನ ಮೇಲೆ ಸ್ಕ್ರೂ ಹಾಕಿ ಕೂರಿಸಿದ್ದಾರೆ. ಅದರ ಪಕ್ಕ, ನಾಲ್ಕು ಬೆರಳು ಹಿಂದೆ, ಏನೂ ಇಲ್ಲದ ಜಾಗದಲ್ಲಿ ಎರಡು ಕಡೆ ನೊರೆ ಉಬ್ಬುತ್ತಿತ್ತು. ಬಣ್ಣ ಕೆರೆದು ನೋಡಿದರೆ ಹಳೇ ಸ್ಕ್ರೂ ತೂತುಗಳು. ಯಾವುದೋ ಕಾಲದಲ್ಲಿ ಬಳೆಯನ್ನು ಮುಂದಕ್ಕೆ ಸರಿಸಿ, ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರೆ. ಪುಟ್ಟಿ ಬಿಸ್ಕತ್ತಿನ ಪುಡಿಯ ಹಾಗೆ ಉದುರಿತು. ನಾವು ಕೂರುವ ಜಾಗವೇ ಅದು. ಅಲೆಯ ನೀರು ಅಲ್ಲೇ ನಿಂತು, ಎರಡು ಕಡ್ಡಿಗಾತ್ರದ ತೂತಲ್ಲಿ ಇಳಿಯುತ್ತಿತ್ತು!

ತಳದಲ್ಲಿ ಬಣ್ಣ ಎದ್ದ ಕಡೆ ಉಜ್ಜುವಾಗ ಸಾಲಾಗಿ ಹೊಳೆಯುವ ಚುಕ್ಕಿಗಳು ಕಂಡವು. ಮೊದಲು ಮೊಳೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅದೇ ತಾಮ್ರದ ಹೊಲಿಗೆಯ ತುದಿಗಳು. ಕೆಲವು ಹಸಿರುಗಟ್ಟಿವೆ. ಕೀಳಬೇಕಾ?

ಗಂಗೊಳ್ಳಿ ಚುಕ್ಕಾಣಿ | ನವೆಂಬರ್ 3

ಎಂತಕ್ಕೆ ಕೀಳುವುದು? ಇರಲಿ ಬಿಡಿ. ಎಳೆದರೆ ತೂತು ಉಳಿಯುತ್ತದೆ. ಒರೆಸಿ, ಎಪಾಕ್ಸಿ ಮುಟ್ಟಿಸಿ, ಬಣ್ಣ ಹೊಡೆಯಿರಿ.

ಸೀಟಿನ ತೂತುಗಳಿಗೆ ಮತ್ತೆ ಪುಟ್ಟಿ ಬೇಡ. ಡ್ರಿಲ್‌ನಲ್ಲಿ ಸ್ವಲ್ಪ ದೊಡ್ಡದು ಮಾಡಿ, ಕೊಳೆತ ಮರ ಪೂರ್ತಿ ತೆಗೆದು, ಒಣಗಿಸಿ, ಗಟ್ಟಿ ಎಪಾಕ್ಸಿ ತುಂಬಿ. ಈಗಿರುವ ಬಳೆಯ ಸ್ಕ್ರೂಗಳಿಗೂ ಹಾಗೇ. ಬಿಚ್ಚಿ, ತೂತು ದೊಡ್ಡದು ಮಾಡಿ, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಅದರ ನಡುವೆ ಹೊಸ ತೂತು ಕೊರೆಯಿರಿ. ಆಗ ಸ್ಕ್ರೂ ಎಪಾಕ್ಸಿಯನ್ನು ಕಚ್ಚುತ್ತದೆ, ನೀರಿಗೆ ಮರ ಸಿಗುವುದಿಲ್ಲ. ಬೇಸರದ ಕೆಲಸ, ಆದರೆ ಒಂದೂ ಬಿಡಬೇಡಿ. ತಳದ ಸವಕಲು ಪಟ್ಟಿಗಳ ಸ್ಕ್ರೂಗಳನ್ನೂ ನೋಡಿ. ಕಲ್ಲಿನ ದಡದಲ್ಲಿ ಎಳೆದಾಡಿದರೆ ಮೊದಲು ಸವೆಯುವುದು ಅವೇ.

ಹಿಂದಿನ ಮೂಲೆಯ ಕಾರಣ ಗೊತ್ತಾಯಿತಲ್ಲ. ಮೂತಿ ಮೇಲೆ, ಬಿರಡೆ ಬಿಗಿ. ಹಿಂದಿನ ತೊಟ್ಟಿಯಲ್ಲಿದ್ದ ಒಂದು ಲೋಟ ನೀರು ವರ್ಷಗಟ್ಟಲೆ ಆ ಮೂಲೆಯಲ್ಲೇ ಕೂತಿತ್ತು. ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ ತೆಗೆಯಿರಿ. ಹೊಸ ತುಂಡನ್ನು ನೇರ ಅಂಚಿಗೆ ಅಂಟಿಸಬೇಡಿ. ಎರಡೂ ಅಂಚನ್ನು ಇಳಿಜಾರಾಗಿ ಕೀಸಿ, ದಪ್ಪದ ಎಂಟು ಪಟ್ಟು ಉದ್ದಕ್ಕೆ. ನಿಮ್ಮದು 5 ಎಂ.ಎಂ. ಪ್ಲೈ ಇರಬೇಕು, ಅಂದರೆ 40 ಎಂ.ಎಂ. ಇಳಿಜಾರು. ಪ್ಲೈ ತರುವಾಗ ಬಿ.ಎಸ್. 1088 ಮುದ್ರೆ ನೋಡಿ ತನ್ನಿ, ಅದು ದೋಣಿಗೆ ಬಳಸುವ ಪ್ಲೈವುಡ್‌ನ ಬ್ರಿಟಿಷ್ ಗುಣಮಟ್ಟದ ಗುರುತು. ಮತ್ತೆ, ನಿಮ್ಮ ಗ್ಯಾರೇಜ್ 10 ಡಿಗ್ರಿಗಿಂತ ತಣ್ಣಗಿದ್ದರೆ ಎಪಾಕ್ಸಿ ಕೆಲಸ ಈಗ ಬೇಡ. ತೊಟ್ಟಿಗಳ ಬಾಯಿ ತೆರೆದಿಟ್ಟು ಚಳಿಗಾಲವಿಡೀ ಒಣಗಲಿ.

ಇನ್ನು ಮುಂದೆ ದಡಕ್ಕೆ ಬಂದ ಕೂಡಲೇ ಬಿರಡೆ ತೆಗೆಯುವುದು. ತೆಗೆದದ್ದನ್ನು ಚುಕ್ಕಾಣಿಯ ಹಿಡಿಗೆ ಕಟ್ಟಿ. ಅದಿಲ್ಲದೆ ನೀರಿಗಿಳಿಯಲಿಕ್ಕೆ ಆಗುವುದಿಲ್ಲ, ಹಾಗಾಗಿ ಮರೆಯುವುದಿಲ್ಲ.

ಹೊಸನಗರದವ | ಏಪ್ರಿಲ್ 20

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಚಳಿಗಾಲ ಒಣಗಿಸಿದ್ದಕ್ಕೇ ತೂಕ 53ರಿಂದ 49 ಕೆ.ಜಿ.ಗೆ ಇಳಿಯಿತು. ನಾಲ್ಕು ಕೆ.ಜಿ. ನೀರನ್ನು ಬೇಸಿಗೆಯಿಡೀ ಹೊತ್ತು ತಿರುಗಿದ್ದೇನೆ.

ಮೂಲೆಯಲ್ಲಿ ಕತ್ತರಿಸಿದ್ದು ಅಂಗೈಯಗಲ ಅಲ್ಲ, ಊಟದ ತಟ್ಟೆಯಗಲ. ಇಳಿಜಾರು ಕೀಸುವುದನ್ನು ಬೇರೆ ತುಂಡಿನ ಮೇಲೆ ಮೂರು ಸಲ ಅಭ್ಯಾಸ ಮಾಡಿದೆ, ನಾಲ್ಕನೆಯದು ಕೂತಿತು. ಹತ್ತಿರದಿಂದ ನೋಡಿದರೆ ತೇಪೆ ಕಾಣುತ್ತದೆ. ಮುಚ್ಚಲು ಹೋಗಲಿಲ್ಲ.

ಪದ್ಮಕ್ಕಾ, ಅಳತೆ ತಪ್ಪಲಿಲ್ಲ. ಅಡುಗೆಮನೆಯ ತಕ್ಕಡಿ ಬಳಸಿದೆ. ಅದಕ್ಕೆ ಬೈಸಿಕೊಂಡದ್ದು ಬೇರೆ ಕಥೆ.

ಮೊನ್ನೆ ಭಾನುವಾರ ಇಳಿಸಿದೆವು. ಎರಡು ಗಂಟೆ ಓಡಿಸಿ ಬಂದು ಬಲಗಡೆ ಬಿರಡೆ ತೆಗೆದರೆ ಒಂದು ಚಮಚ ನೀರೂ ಇಲ್ಲ. ನಾಲ್ಕೂ ಬಿರಡೆಗಳನ್ನು ಹೇಳಿದ ಹಾಗೆ ಚುಕ್ಕಾಣಿಯ ಹಿಡಿಗೆ ಕಟ್ಟಿದ್ದೇನೆ, ಚುಕ್ಕಾಣಿ ಗ್ಯಾರೇಜಿನ ಬಾಗಿಲ ಹಿಂದೆ ನೇತಾಡುತ್ತಿದೆ. "ಚುಕ್ಕಾಣಿಯನ್ನೇ ಮನೆಯಲ್ಲಿ ಮರೆತು ಹೋದರೆ?" ಅಂತ ಮಗಳು ಕೇಳುತ್ತಿದ್ದಾಳೆ. ಅಣ್ಣಾ, ಇದಕ್ಕೆ ಉತ್ತರ ನೀವೇ ಕೊಡಬೇಕು.