ಬಿಲ್ ವಾಲ್ಶ್ ಮೊದಲ 25 ಪ್ಲೇ ಬರೆದಿಟ್ಟು ಆಡಿಸುತ್ತಿದ್ದರಲ್ಲ, ಅದು ಕೆಲಸ ಮಾಡುತ್ತಿದ್ದದ್ದು ಹೇಗೆ?

ಹೊಸ_ವೀಕ್ಷಕ:
ನಮಸ್ಕಾರ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ತಂಡದ ಕೋಚ್ ಆಗಿದ್ದ ಬಿಲ್ ವಾಲ್ಶ್ ಬಗ್ಗೆ ಎರಡು ಪ್ರಶ್ನೆ. ಎದುರಾಳಿ ಏನು ಮಾಡುತ್ತಾರೆಂದು ಗೊತ್ತಾಗುವ ಮೊದಲೇ 25 ಪ್ಲೇ (ಒಂದೊಂದು ಸಲಕ್ಕೆ ಯಾರು ಎಲ್ಲಿ ಓಡಬೇಕು ಎಂಬ ಯೋಜನೆ) ಬರೆದಿಟ್ಟರೆ ಅದು ಕುರುಡು ಆಟ ಆಗುವುದಿಲ್ಲವೇ? ಇನ್ನೊಂದು, ಅವರ ವೆಸ್ಟ್ ಕೋಸ್ಟ್ ಅಫೆನ್ಸ್ (ಚಿಕ್ಕ ಪಾಸ್‌ಗಳ ದಾಳಿ ಪದ್ಧತಿ) ಅಂದರೆ ಕ್ರಿಕೆಟ್‌ನಲ್ಲಿ ಸಿಂಗಲ್ಸ್ ಕದ್ದು ರನ್ ಓಡಿಸುವ ಹಾಗೆ ಅಂದುಕೊಳ್ಳಬಹುದಾ? 1979ರಲ್ಲಿ 2-14 (2 ಗೆಲುವು, 14 ಸೋಲು) ಇದ್ದ ತಂಡ 1981ರ ಸೀಸನ್‌ನಲ್ಲಿ ಸೂಪರ್ ಬೌಲ್ (ಲೀಗ್‌ನ ಫೈನಲ್) ಗೆದ್ದದ್ದು ಇಷ್ಟರಿಂದಲೇ ಅಂದರೆ ನಂಬೋಕೆ ಕಷ್ಟ.

ಐದು_ಹೆಜ್ಜೆ:
ಎರಡನೆಯದನ್ನು ಮೊದಲು ತಗೋತೀನಿ. ಹೆಸರು ವೆಸ್ಟ್ ಕೋಸ್ಟ್ ಆದರೂ ಇದು ಹುಟ್ಟಿದ್ದು ಒಹಾಯೋದ ಸಿನ್ಸಿನಾಟಿಯಲ್ಲಿ. ವಾಲ್ಶ್ ಅಲ್ಲಿ ಬೆಂಗಲ್ಸ್ ತಂಡಕ್ಕೆ ಪಾಲ್ ಬ್ರೌನ್ ಕೈಕೆಳಗೆ ಅಸಿಸ್ಟೆಂಟ್ ಆಗಿದ್ದರು. 1969ರಲ್ಲಿ ಗ್ರೆಗ್ ಕುಕ್ ಎಂಬ ಹೊಸ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವವನು) ಬಂದ, ಉದ್ದ ಪಾಸ್‌ಗೆ ಹೇಳಿ ಮಾಡಿಸಿದ ತೋಳು. ಭುಜ ಹಾಳಾಯಿತು. 1970ರಲ್ಲಿ ಕೈಗೆ ಸಿಕ್ಕಿದ್ದು ವರ್ಜಿಲ್ ಕಾರ್ಟರ್. ತೋಳಿನಲ್ಲಿ ಅಷ್ಟು ಜೋರಿಲ್ಲ, ಆದರೆ ಗುರಿ ಖಚಿತ, ತಲೆ ಚುರುಕು. ವಾಲ್ಶ್ ಮೈದಾನದ ಉದ್ದ ಬಿಟ್ಟು ಅಗಲ ಹಿಡಿದರು, ಅಂದರೆ 53 ಯಾರ್ಡ್ ಚಿಲ್ಲರೆ. ಆ ವರ್ಷ 1-6ರಲ್ಲಿದ್ದ ತಂಡ ಉಳಿದ ಏಳೂ ಗೆದ್ದು ಡಿವಿಜನ್ (ಲೀಗ್‌ನಲ್ಲಿ ತನ್ನ ಗುಂಪು) ಗೆದ್ದಿತು.

ಇಡೀ ಪದ್ಧತಿ ನಿಂತಿರುವುದು ಕ್ವಾರ್ಟರ್‌ಬ್ಯಾಕ್‌ನ ಪಾದದ ಮೇಲೆ. ಸ್ನ್ಯಾಪ್ ಆದಮೇಲೆ (ಚೆಂಡು ಅವನ ಕೈಗೆ ಬಂದು ಆಟ ಶುರುವಾದ ಮೇಲೆ) ಮೂರು ಹೆಜ್ಜೆ ಹಿಂದೆ ಅಂದರೆ ಸ್ಲ್ಯಾಂಟ್‌ನಂಥ (ಒಳಕ್ಕೆ ಓರೆಯಾಗಿ ಓಡುವ) ಚಿಕ್ಕ ರೂಟ್; ರೂಟ್ ಅಂದರೆ ಪಾಸ್ ಹಿಡಿಯುವ ರಿಸೀವರ್ ಓಡುವ ದಾರಿ. ಮೂರನೇ ಹೆಜ್ಜೆ ಊರಿದ ಕೂಡಲೇ ಚೆಂಡು ಕೈ ಬಿಡಬೇಕು. ಐದು ಹೆಜ್ಜೆ ಅಂದರೆ ರಿಸೀವರ್ 10-12 ಯಾರ್ಡ್ ಹೋಗಿ ತಿರುಗುವ ರೂಟ್. ಅವನು ತಿರುಗುವ ಮುಂಚೆಯೇ ಚೆಂಡು ಗಾಳಿಯಲ್ಲಿರಬೇಕು. ಮೊದಲನೆಯವನಿಗೆ ಜಾಗ ಇಲ್ಲದಿದ್ದರೆ ಎರಡನೆಯವನು, ಅವನೂ ಇಲ್ಲದಿದ್ದರೆ ಪಕ್ಕಕ್ಕೆ ಜಾರಿಕೊಂಡ ರನ್ನಿಂಗ್ ಬ್ಯಾಕ್ (ಸಾಮಾನ್ಯವಾಗಿ ಚೆಂಡು ಹಿಡಿದು ಓಡುವವನು).

ಕೆಡುವುದೂ ಇಲ್ಲೇ. ಐದನೇ ಹೆಜ್ಜೆ ಊರಿ ಇನ್ನೂ ಮೊದಲನೆಯವನನ್ನೇ ದಿಟ್ಟಿಸುತ್ತಿದ್ದರೆ ರಿಸೀವರ್‌ನನ್ನು ಕಾಯುವ ಕಾರ್ನರ್‌ಬ್ಯಾಕ್ ಮಧ್ಯೆ ನುಗ್ಗಿ ಪಾಸ್ ಕಸಿದುಕೊಳ್ಳುತ್ತಾನೆ. ರಿಸೀವರ್ ಎರಡು ಯಾರ್ಡ್ ಮೊದಲೇ ತಿರುಗಿದರೂ ಲೆಕ್ಕ ತಪ್ಪಿತು. ಪಾಸ್ ಬೆನ್ನ ಹಿಂದೆ ಬಿದ್ದರೆ ಹಿಡಿದವನು ನಿಲ್ಲಬೇಕಾಗುತ್ತದೆ, ಹಿಡಿದ ಮೇಲಿನ ಓಟ ಸತ್ತುಹೋಗುತ್ತದೆ. ಆ ಓಟವೇ ಇಲ್ಲಿನ ಲಾಭ, ಹಾಗಾಗಿ ನಿಮ್ಮ ಸಿಂಗಲ್ಸ್ ಹೋಲಿಕೆ ಅರ್ಧ ಸರಿ. ಫಾರ್ಟಿನೈನರ್ಸ್ ರಿಸೀವರ್ ಜೆರ್ರಿ ರೈಸ್ ಓಡುವಾಗಲೇ ಎದೆಮಟ್ಟಕ್ಕೆ ಸಿಕ್ಕ ಸ್ಲ್ಯಾಂಟ್ ನೇರ ಎಂಡ್ ಜೋನ್‌ವರೆಗೂ (ಪಾಯಿಂಟ್ ಸಿಗುವ ಮೈದಾನದ ತುದಿ) ಹೋಗುತ್ತಿತ್ತು. 1985ರಲ್ಲಿ ರೋಜರ್ ಕ್ರೇಗ್ ರನ್ನಿಂಗ್ ಬ್ಯಾಕ್ ಆಗಿದ್ದೂ 92 ಪಾಸ್ ಹಿಡಿದು, ಓಟದಲ್ಲೂ ಕ್ಯಾಚ್‌ನಲ್ಲೂ ತಲಾ 1000 ಯಾರ್ಡ್ ದಾಟಿದ್ದು ಇದರಿಂದಲೇ.

ಪ್ಲೇಶೀಟ್:
ಪಟ್ಟಿಯ ವಿಷಯ. ಬೆಂಗಲ್ಸ್‌ನಲ್ಲಿ ನಾಲ್ಕಾರು ಪ್ಲೇಯಿಂದ ಶುರುವಾಗಿ ಬೆಳೆದದ್ದು ಅದು. ಕುರುಡು ಆಟ ಅಲ್ಲ, ಡಿಫೆನ್ಸ್‌ನಿಂದ ಉತ್ತರ ಹೊರಡಿಸುವ ವಿಧಾನ. ಒಂದು ಪ್ಲೇಯಲ್ಲಿ ರಿಸೀವರ್‌ನನ್ನು ಸ್ನ್ಯಾಪ್‌ಗೆ ಮೊದಲು ಈ ಬದಿಯಿಂದ ಆ ಬದಿಗೆ ನಡೆಸಿ. ಒಬ್ಬ ಡಿಫೆಂಡರ್ ಅವನ ಹಿಂದೆಯೇ ಬಂದರೆ ಬಹುತೇಕ ಮ್ಯಾನ್ ಕವರೇಜ್ (ಒಬ್ಬೊಬ್ಬರು ಒಬ್ಬೊಬ್ಬ ರಿಸೀವರ್‌ನನ್ನು ಕಾಯುವುದು); ಎಲ್ಲರೂ ಸ್ವಲ್ಪ ಸ್ವಲ್ಪ ಸರಿದರೆ ಜೋನ್ (ಒಬ್ಬೊಬ್ಬರು ಒಂದೊಂದು ಜಾಗ ಕಾಯುವುದು). ಒಂದೇ ರನ್ (ಚೆಂಡು ಹಿಡಿದು ಓಡುವ ಪ್ಲೇ) ಅನ್ನು ಎರಡು ಫಾರ್ಮೇಶನ್‌ನಿಂದ (ಆಟಗಾರರು ನಿಲ್ಲುವ ಜೋಡಣೆ) ಆಡಿಸಿ, ಡಿಫೆನ್ಸ್‌ನ ನಡುಸಾಲಿನ ಲೈನ್‌ಬ್ಯಾಕರ್ ಯಾವುದಕ್ಕೆ ಬೇಗ ನುಗ್ಗುತ್ತಾನೆ ನೋಡಿ. ಎರಡನೇ ಕ್ವಾರ್ಟರ್‌ನಲ್ಲಿ ಅದೇ ಫಾರ್ಮೇಶನ್‌ನಿಂದ ರನ್ ತೋರಿಸಿ ಅವನ ಬೆನ್ನ ಹಿಂದೆ ಪಾಸ್ ಹಾಕಿ.

ಪಟ್ಟಿ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಥರ್ಡ್ ಡೌನ್‌ಗೆ (10 ಯಾರ್ಡ್ ಮುಂದೆ ಹೋಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು), ತಮ್ಮದೇ ಗೋಲ್ ಲೈನ್ ಬೆನ್ನಿಗಿದ್ದಾಗ, ಎದುರಾಳಿಯ 20 ಯಾರ್ಡ್ ಒಳಗೆ ಬಂದಾಗ, ಹೀಗೆ ಬೇರೆ ಬೇರೆ ಪಟ್ಟಿ. ಆ ಸನ್ನಿವೇಶ ಮುಗಿದರೆ ಮತ್ತೆ ಮೊದಲಿನ ಪಟ್ಟಿಗೆ ವಾಪಸ್. ವಾರದ ಮಧ್ಯೆ ತಣ್ಣಗೆ ಕೂತು ಮಾಡಿದ ತೀರ್ಮಾನ, ಕಿವಿಗಡಚಿಕ್ಕುವ ಸ್ಟೇಡಿಯಂನಲ್ಲಿ ಮಾಡಿದ್ದಕ್ಕಿಂತ ಮೇಲು ಎಂಬುದು ಅವರ ನಂಬಿಕೆ. ಆಟಗಾರರೂ ಅದನ್ನೇ ಅಭ್ಯಾಸ ಮಾಡಿ ಬರುತ್ತಿದ್ದರು. ನಕಲು ಮಾಡುವವರು ಎಡವುವುದು ಯಾಕೆಂದರೆ ಪ್ಲೇ ಬರೆಯುತ್ತಾರೆ, ಡಿಫೆನ್ಸ್ ಏನು ಮಾಡಿತು ಎಂದು ಮೇಲಿನ ಬೂತ್‌ನಿಂದ ಬರೆದುಕೊಳ್ಳಲು ಯಾರನ್ನೂ ಕೂರಿಸುವುದಿಲ್ಲ.

ನಿಕಲ್_ಬ್ಯಾಕ್:
ಗೆದ್ದದ್ದು ಇಷ್ಟರಿಂದಲೇ ಅಲ್ಲ ಅನ್ನುವ ನಿಮ್ಮ ಅನುಮಾನ ಸರಿ. ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ 1979ರ ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರ ಆಯ್ಕೆ) 82ನೆಯವನಾಗಿ ಸಿಕ್ಕಿದ. 1980ರಲ್ಲೂ ತಂಡ 6-10 ಅಷ್ಟೇ. ತಿರುವು ಬಂದದ್ದು 1981ರಲ್ಲಿ ಡಿಫೆನ್ಸ್ ಬದಲಾದಾಗ: ರಾನಿ ಲಾಟ್, ಎರಿಕ್ ರೈಟ್, ಕಾರ್ಲ್‌ಟನ್ ವಿಲಿಯಮ್ಸನ್, ಮೂವರು ರೂಕಿಗಳು (ಮೊದಲ ವರ್ಷದವರು) ಹಿಂಬದಿಯಲ್ಲಿ ನೇರ ಸ್ಟಾರ್ಟರ್. ಸೀಸನ್ ನಡುವೆ ಸ್ಯಾನ್ ಡಿಯಾಗೋ ತಂಡದಿಂದ ಡಿಫೆನ್ಸ್ ಆಟಗಾರ ಫ್ರೆಡ್ ಡೀನ್ ಬಂದ ಮೇಲೆ ಎದುರಾಳಿ ಕ್ವಾರ್ಟರ್‌ಬ್ಯಾಕ್‌ಗೆ ನಿಲ್ಲಲು ಸಮಯವೇ ಸಿಗಲಿಲ್ಲ. ವಾಲ್ಶ್ ಹೆಸರು ಬಂದಾಗ ಈ ಭಾಗವನ್ನು ಯಾರೂ ಹೇಳುವುದಿಲ್ಲ, ಅದು ಅನ್ಯಾಯ.

ವಾಲ್ಶ್ ಅವರ ದಾರಿಯೂ ಉದ್ದ. 1957ರಲ್ಲಿ ಫ್ರೀಮಾಂಟ್‌ನ ಹೈಸ್ಕೂಲ್ ಕೋಚ್. ಬ್ರೌನ್ ನಿವೃತ್ತರಾದಾಗ ಬೆಂಗಲ್ಸ್ ಹೊಣೆ ಸಿಕ್ಕಿದ್ದು ಬಿಲ್ ಜಾನ್ಸನ್‌ಗೆ. ವಾಲ್ಶ್ ಸ್ಯಾನ್ ಡಿಯಾಗೋದಲ್ಲಿ ಒಂದು ವರ್ಷ, ಸ್ಟ್ಯಾನ್‌ಫರ್ಡ್‌ನಲ್ಲಿ ಎರಡು ವರ್ಷ ಕಳೆದು ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಲೀಗ್) ಹೆಡ್ ಕೋಚ್ ಆದಾಗ ವಯಸ್ಸು 47.

ಈ ಪದ್ಧತಿಗೆ ಮದ್ದೂ ಇದೆ. ಎದುರಾಳಿ ನಾಲ್ಕೇ ಜನರಿಂದ ಒತ್ತಡ ತಂದು ಏಳು ಜನರನ್ನು ಕವರೇಜ್‌ಗೆ ಬಿಟ್ಟರೆ ಚಿಕ್ಕ ಪಾಸ್‌ಗೂ ಜಾಗ ಇರುವುದಿಲ್ಲ. 1987ರ ಜನವರಿಯಲ್ಲಿ ನ್ಯೂಯಾರ್ಕ್ ಜೈಂಟ್ಸ್ ಎದುರು ಫಾರ್ಟಿನೈನರ್ಸ್ 49-3ರಿಂದ ಸೋತರು, ಮೊಂಟಾನಾ ಪೆಟ್ಟು ತಿಂದು ಹೊರಹೋದ.

ಹೊಸ_ವೀಕ್ಷಕ:
ತುಂಬಾ ಧನ್ಯವಾದ. ಇದೆಲ್ಲ ಒಟ್ಟಿಗೆ ಕಾಣುವ ಒಂದು ಡ್ರೈವ್ (ಒಂದು ತಂಡ ಸತತವಾಗಿ ಚೆಂಡು ಮುಂದೊಯ್ಯುವ ಪ್ಲೇಗಳ ಸರಣಿ) ಹೇಳಿ?

ಐದು_ಹೆಜ್ಜೆ:
1989ರ ಜನವರಿಯ ಸೂಪರ್ ಬೌಲ್, ಬೆಂಗಲ್ಸ್ ಎದುರು ಕೊನೆಯ ಡ್ರೈವ್. ತಮ್ಮದೇ 8 ಯಾರ್ಡ್ ಗೆರೆಯಿಂದ ಶುರು, ಮೂರು ನಿಮಿಷ ಚಿಲ್ಲರೆ, ಮೂರು ಪಾಯಿಂಟ್ ಹಿಂದೆ. ಚೆಂಡು ಬಿಟ್ಟು ಮೊಂಟಾನಾ ಹೆಜ್ಜೆ ಎಣಿಸಿ. ಒಂದು ಪ್ಲೇಯನ್ನು ಎರಡು ಸಲ ನೋಡಿ, ಎರಡನೇ ಸಲ ರನ್ನಿಂಗ್ ಬ್ಯಾಕ್ ಎಲ್ಲಿ ಜಾರಿಕೊಳ್ಳುತ್ತಾನೆ ಗಮನಿಸಿ. 34 ಸೆಕೆಂಡ್ ಉಳಿದಿದ್ದಾಗ 10 ಯಾರ್ಡ್ ಪಾಸ್ ರಿಸೀವರ್ ಜಾನ್ ಟೇಲರ್‌ಗೆ, 20-16. ಇಡೀ ಪಂದ್ಯದಲ್ಲಿ ಟೇಲರ್ ಹಿಡಿದ ಪಾಸ್ ಅದೊಂದೇ.